ಏಳನೆಯ ಬಾಗಿಲು

ಒಡೆಯುವುದಕ್ಕೆಂದೇ ಬಾಗಿಲು ಮಾಡಿಕೊಡು ಅಂದರು.
ಒಂದಲ್ಲ, ಏಳು.
ಅರವತ್ತು ವರ್ಷ ಈ ಹಿಯುಮಾ ದ್ವೀಪದಲ್ಲಿ
ಗಾಳಿ ತಡೆಯಲಿ, ಚಳಿ ಹೊರಗಿರಲಿ ಎಂದು
ಬಾಗಿಲು ಕೂರಿಸಿದವನು ನಾನು, ಹೆಲ್ದುರ್;
ಪೈನ್ ಹಲಗೆಯ ಬೆನ್ನಿಗೆ ಗರಗಸದ ಗೀರು ಹಾಕಿ
ಮೂರನೇ ಏಟಿಗೆ ಸರಿಯಾಗಿ ಸೀಳುವ ಹಾಗೆ
ಬಲಹೀನತೆಯನ್ನು ಅಳತೆ ಹಿಡಿದು ಕೂರಿಸಿದೆ.
ಕೂಲಿ ಚೆನ್ನಾಗಿತ್ತು.

ಸಿನಿಮಾದ ಕಥೆ ಊಟದ ಡೇರೆಯಲ್ಲಿ ತಿಳಿಯಿತು:
ಕಡಲಂಚಿನ ಒಂಟಿ ಮನೆ. ಗಂಡ, ಹೆಂಡತಿ, ಅವಳ ತಂಗಿ,
ಮಾತು ನಿಂತ ಒಬ್ಬ ಮುದುಕ.
ಕತ್ತಲಾದ ಮೇಲೆ ಬರುತ್ತಾರೆ ಮೂವರು,
ಕೈಯಲ್ಲಿ ಹಾರೆ, ಬಾಯಲ್ಲಿ ಬಹಳ ಸಭ್ಯ ಮಾತು:
'ನಿಮ್ಮಲ್ಲೊಬ್ಬರನ್ನು ನೀವೇ ಆರಿಸಿ ಕೊಡಿ.
ಇಲ್ಲವಾದರೆ ಬೆಳಗಿನೊಳಗೆ ಕಡಲು ಎದ್ದು ನಿಲ್ಲುತ್ತದೆ,
ಎಲ್ಲರ ಕಡಲೂ.'

ಆರಿಸಲು ಅವರಿಗೆ ಒಂದೂವರೆ ಗಂಟೆ ಉಂಟು.
ಅಳುತ್ತಾರೆ, ಹಳೆಯ ಜಗಳ ಕೆದಕುತ್ತಾರೆ,
ನಾನು ಹೋಗುತ್ತೇನೆ ಅನ್ನುತ್ತಾಳೆ ತಂಗಿ, ಮತ್ತೆ ಒಲ್ಲೆ ಅನ್ನುತ್ತಾಳೆ.
ಐದನೇ ಸಲಕ್ಕೆ ಆ ಹುಡುಗಿಯ ಗಂಟಲು ನಿಜಕ್ಕೂ ಕಟ್ಟಿತು;
ನಿರ್ದೇಶಕನಿಗೆ ಸಾಲದು. ಇನ್ನೊಂದು ಬಾಗಿಲು ತಾ ಅಂದ.
ಹೊಗೆಯಂತ್ರದ ಪಕ್ಕ ಮೊಳೆಡಬ್ಬಿ ಹಿಡಿದು
ಎಣಿಸುತ್ತ ನಿಂತೆ: ಒಂದು, ಎರಡು,

ನಮ್ಮ ಮನೆಯ ಬಾಗಿಲನ್ನು ಯಾರೂ ಒಡೆದಿರಲಿಲ್ಲ.
ನಲವತ್ತೊಂಬತ್ತರ ಮಾರ್ಚಿ, ಹೊಸ್ತಿಲಲ್ಲಿನ್ನೂ ಹಿಮ.
ಬೆರಳ ಗೆಣ್ಣಿನಿಂದ ಎರಡೇ ಸಲ ತಟ್ಟಿದರಂತೆ.
ಪಟ್ಟಿಯಲ್ಲಿದ್ದವರು ಕಾಡು ಸೇರಿದ್ದರು,
ಲಾರಿಯಲ್ಲಿ ಐದು ತಲೆ ಕಡಿಮೆ.
ತಲೆ ಯಾರದಾದರೇನು, ಲೆಕ್ಕ ತುಂಬಬೇಕು.
ಬಾಗಿಲಲ್ಲಿ ನನ್ನಮ್ಮ ಯೂಲಾ,
ಸೊಂಟದ ಮೇಲೆ ಎರಡು ವರ್ಷದ ನಾನು.
ಅವಳಿಗೆ ಸಿಕ್ಕಿದ್ದು
ಲಾಂದ್ರದ ಬತ್ತಿ ಒಮ್ಮೆ ನಡುಗುವಷ್ಟು ಹೊತ್ತು.
ಬಾಯಿ ತೆರೆಯಲಿಲ್ಲ. ಬೆರಳು ತೋರಲಿಲ್ಲ.
ನನ್ನನ್ನು ಎಡಸೊಂಟದಿಂದ ಬಲಕ್ಕೆ ಬದಲಿಸಿದಳು,
ಲಾಂದ್ರವೂ ಕೈ ಬದಲಿಸಿತು,
ಬೆಳಕು ಬೇಲಿ ದಾಟಿ
ಪಿಹ್ಲಕ್‌ರ ಕಿಟಕಿಯ ಮೇಲೆ ಬಿತ್ತು.

ನೀನು ಭಾರವಾಗಿದ್ದೆ, ಅದಕ್ಕೇ,
ಎಂದಳು ಸಾಯುವವರೆಗೂ. ಯಾರೂ ಕೇಳದಿದ್ದಾಗಲೂ.

ಕಡಲು ಏಳಲಿಲ್ಲ.
ಇದನ್ನು ನಿರ್ದೇಶಕನಿಗೆ ಹೇಳಬೇಕೆಂದುಕೊಂಡೆ,
ಅವನು ಪರದೆಯೊಳಗೆ ಮುಖವಿಟ್ಟಿದ್ದ.
ಬೆಳಗಾಯಿತಪ್ಪಾ, ಎಂದಿನ ಹಾಗೆ, ನಾಚಿಕೆಯಿಲ್ಲದೆ.
ಬೇಲಿಯಾಚೆ ಕರೆಯುವವರಿಲ್ಲದ ಹಸು
ಕೆಚ್ಚಲು ಬಿಗಿದು ಅರಚುತ್ತಿತ್ತು.
ಅಮ್ಮ ಹೋಗಿ ಹಾಲು ಕರೆದಳು.
ಚೆಲ್ಲಲು ಮನಸ್ಸು ಬರಲಿಲ್ಲವಂತೆ.
ಕುಡಿದವನು ನಾನು.

ಆರನೆಯದಕ್ಕೆ ನಿರ್ದೇಶಕ ಕೈ ತಟ್ಟಿದ.
ಉಳಿದದ್ದನ್ನು ಕೊಂಡುಹೋಗು ಅಂದರು.
ಬೆನ್ನಲ್ಲಿ ಗೀರಿರುವ ಬಾಗಿಲು ಯಾವ ಮನೆಗೆ ಬಂದೀತು?
ಕೊಟ್ಟಿಗೆಯ ಗೋಡೆಗೆ ಒರಗಿಸಿದ್ದೇನೆ.
ರಾತ್ರಿ ಕಡಲಗಾಳಿ ಎದ್ದರೆ ಬಡಿಯುತ್ತದೆ,
ಎರಡೇ ಸಲ.
ಯಾರೆಂದು ನೋಡಿ ಬಾ, ಅನ್ನುತ್ತಾಳೆ ಮೈಮು ನಿದ್ದೆಗಣ್ಣಲ್ಲಿ.
ಯಾರೂ ಇಲ್ಲವೆಂದು ಗೊತ್ತಿದ್ದೂ ಏಳುತ್ತೇನೆ,
ಟಾರ್ಚಿನ ಬೆಳಕನ್ನು
ನನ್ನ ಕಾಲಿಗೇ ಹಿಡಿದುಕೊಂಡು
ಅಂಗಳ ದಾಟುತ್ತೇನೆ.