ಎರಡು ಪಾಯಿಂಟ್

ಡ್ರಾಯಿಂಗ್ ಬಂದಾಗ ಅದರ ಮೂರು ಅಂಚು ಕತ್ತರಿಸಿದ್ರು.
ನಡುವ ಉಳಿದದ್ದು ಒಂದು ಬುಶ್:
ಹಿತ್ತಾಳಿದು, ಒಳಗಿನ ತೂತು ಹದಿನೆಂಟು ಪಾಯಿಂಟ್ ಎರಡು ಐದು,
ಒಂದು ತುದಿಗೆ ಸಣ್ಣ ಇಳಿಜಾರು.
ಯಾತಕ್ಕಿದು ಅಂತ ಕೇಳಿದ್ರ
ಕಬಾಡಿ ಮಾಲಕರು ಕೆಂಪು ಶಿಕ್ಕಾದ ಮ್ಯಾಲ ಬೆರಳಿಟ್ಟು
'ದೇಶಕ್ಕ' ಅಂದ್ರು.

ಅಲ್ಲಿಂದ ಹನ್ನೊಂದು ವರ್ಷ,
ಗೋಕುಲ ರೋಡಿನ ನಮ್ಮ ಶೆಡ್ಡಿನ್ಯಾಗ,
ದೇಶ ಅಂದ್ರ ನನಗ ಹದಿನೆಂಟು ಪಾಯಿಂಟ್ ಎರಡು ಐದು.

ಹಿತ್ತಾಳಿ ಸುರುಳಿ ಸುರುಳಿಯಾಗಿ ಕಾಲಬುಡಕ ಬೀಳತೈತಿ.
ಗುಳ್ಳವ್ವಗ ಮೂಗುತಿ ಮಾಡಾಕ ಒಂದೀಟು ತಾ ಅಂತಾಳ ಮಗಳು.
ಚೂರಿಗೂ ತೂಕ ಐತಿ, ತೂಕಕ್ಕೂ ರಜಿಸ್ಟರ್ ಐತಿ,
ಆಷಾಢದಾಗ ಅಷ್ಟ, ಪ್ಯಾಂಟಿನ ಮಡಿಕಿಯೊಳಗ
ತಾವಾಗೇ ಸಿಕ್ಕೊಂಡು ಬಂದಷ್ಟು.

ನಮಗ ಕೊಡೋರು ಬೆಳಗಾವಿಯವರು,
ಅವರಿಗೆ ಪುಣೆಯವರು, ಪುಣೆಯವರಿಗೆ ದಿಲ್ಲಿಯವರು.
ಒಂದು ಬುಶ್ಶಿಗೆ ನಮಗ ಮೂವತ್ತೆಂಟು ರೂಪಾಯಿ.
ಒಮ್ಮೆ ದಾರಿ ತಪ್ಪಿ ಮ್ಯಾಲಿನ ಬಿಲ್ಲೊಂದು
ನಮ್ಮ ಟಪಾಲಿನ್ಯಾಗ ಬಂತು.
ಅದಽ ಬುಶ್. ಅದಽ ಇಳಿಜಾರು.
ಎರಡು ಸಾವಿರದ ಒಂದುನೂರಾ ಹತ್ತು.
ಲೆಕ್ಕದ ವಾದಿರಾಜ ಎರಡು ಸಲ ಓದಿದ,
ಕನ್ನಡಕ ಒರಸಿ ಮತ್ತೊಮ್ಮೆ ಓದಿದ,
ನಡುವ ಇಷ್ಟೆಲ್ಲಾ ಯಾರು ತಿರುವಿದ್ರು ಇದನ್ನ ಅಂತ ಕೇಳಿದ.
ಈಗ ಅಂವ ನವನಗರದಾಗ ಸೈಕಲ್ ಅಂಗಡಿ ಲೆಕ್ಕ ಬರೀತಾನ.

ಸರಕಾರದ ಇನ್ಸ್‌ಪೆಕ್ಷನ್ ಸಾಹೇಬ್ರು ವರ್ಷಕ್ಕ ಎರಡು ಸಲ.
ಶಿಸ್ತಿನ ಮನಿಷ್ಯಾ. ಮೈಕ್ರೋಮೀಟರ್ ತಾವ ತರತಿದ್ರು,
ಬಟ್ಟಿ ಸುತ್ತಿ, ಕೂಸಿನಂಗ.
ನಮ್ಮ ಚಹಾ ಸೈತ ಕುಡೀತಿದ್ದಿಲ್ಲ.
ಲೈನ್ ಬಜಾರದಿಂದ ತರಿಸಿದ ಫೇಡೆ ಡಬ್ಬಿ
ಟೇಬಲ್ ಮ್ಯಾಲ ಇರುವಿಗೆ ಆಕ್ಕಿತ್ತು.
ಹೋದ ಶ್ರಾವಣದಾಗ ಅವರು
ಮುನ್ನೂರು ಬುಶ್ಶಿಗೆ ಕೆಂಪು ಬಣ್ಣ ಬಳದ್ರು:
ಎರಡು ಪಾಯಿಂಟ್ ಹೆಚ್ಚು, ನಡೆಯೂದಿಲ್ಲ.
ತಪ್ಪು ನಂದು. ಟೂಲ್ ಸವದಿತ್ತು.
ಅವತ್ತು ಮಗಳಿಗೆ ಜ್ವರ, ನನ್ನ ಕಣ್ಣು ಗಡಿಯಾರದ ಮ್ಯಾಲಿತ್ತು.
ಮಾಲಕರು ಬೈದ್ರು, ಪಗಾರ ಕತ್ತರಿಸಿದ್ರು.
ಸಾಹೇಬರ ಮ್ಯಾಲ ನನಗ ಸಿಟ್ಟು ಬರಲಿಲ್ಲ, ಗೌರವ ಬಂತು.

ದಸರಾಕ್ಕ ಅವರು ರಿಟೈರ್ ಆದ್ರು.
ದೀಪಾವಳಿ ಮುಗದ ಮ್ಯಾಲ ಮತ್ತ ಬಂದ್ರು.
ಅದಽ ಮೈಕ್ರೋಮೀಟರ್, ಅದಽ ಬಟ್ಟಿ,
ಕಾರು ಮಾತ್ರ ಪುಣೆಯವರದು.
ಕಾರ್ಡಿನ ಮ್ಯಾಲ 'ಸಲಹೆಗಾರರು' ಅಂತಿತ್ತು.
ಲೇತ್ ಅಷ್ಟ ತಿರಗತೈತಿ ಅಂತ ತಿಳದಿದ್ದೆ.
ಬಟ್ಟಿ ಬಿಚ್ಚಲಿಲ್ಲ ಅವರು. ಫೇಡೆ ಒಂದು ತಿಂದು,
ಬಾಯಿ ಒರಸಿಕೊಂಡು,
'ಮೌನೇಶಾ, ಆ ಬಣ್ಣ ತೊಳದು ಹಾಕು' ಅಂದ್ರು.

ಥಿನ್ನರಿನ್ಯಾಗ ಅದ್ದಿ ಅದ್ದಿ ತೊಳದೆ.
ಎರಡು ದಿನ ಅಂಗೈ ಗೋರಂಟಿ ಹಚ್ಚಿದಂಗ ಇತ್ತು.
ಮನ್ಯಾಗ ಯಾರ ಮದುವಿ ಅಂತ ಕೇಳಿದ್ಲು ಹೇಣ್ತಿ.
ಪೆಟ್ಟಿಗಿ ಕಟ್ಟುವಾಗ ಎಣಿಸಿದ್ರ
ಇನ್ನೂರಾ ತೊಂಬತ್ತೊಂಬತ್ತು.
ಮತ್ತ ಎಣಿಸು ಅಂದ್ರು. ಮತ್ತ ಎಣಿಸಿದೆ. ಅಷ್ಟಽ.

ಸಂಜಿ ಗದಗ ಪ್ಯಾಸೆಂಜರಿನ್ಯಾಗ
ಎದುರು ಒಬ್ಬ ಹುಡುಗ, ಕರೇ ಟ್ರಂಕು,
ಬಿಳಿ ಅಕ್ಷರದಾಗ ಹೆಸರು, ನಂಬರು: ಸಿಪಾಯಿ, ಬಸವಂತ ತಳವಾರ.
ನಾ ಟ್ರಂಕಿನ ತಿರುಗಣಿ ನೋಡಿದೆ ಮೊದಲು, ಮುಖ ಆಮ್ಯಾಲ.
ಕುಸುಗಲ್ ದಾಟಿದ ಮ್ಯಾಲ ಕಿಸೆದಾಗಿಂದ ತಗದು
ಇಂಥಾದು ಎಲ್ಲೆರೆ ನೋಡೀಯೇನಪಾ ಅಂದೆ.
ಅಂವ ಕಣ್ಣಿಗೆ ಹಿಡದು ತೂತಿನ್ಯಾಗಿಂದ
ಕರಿಮಣ್ಣಿನ ಹೊಲ, ಕಡ್ಲಿ ಬೆಳಿ, ಒಂದು ಕರೆಂಟ್ ಕಂಬ ನೋಡಿದ.
'ನಾವು ಮ್ಯಾಲಿನ ಹಸಿರು ಬಣ್ಣ ಅಷ್ಟ ನೋಡಿರತೇವಿ ಕಾಕಾ,
ಒಳಗ ಏನೈತಿ ಅಂತ ನಮಗ ಯಾರು ಹೇಳ್ತಾರ?'

ಆಟಕ್ಕ ಬೆರಳಿಗೆ ಹಾಕ್ಕೊಂಡ, ಉಂಗುರದಂಗ.
ಸಡ್ಲ ಆತು.
ಬ್ಯಾರೆ ಬೆರಳಿಗೆ ಹಾಕಿ ನೋಡಿದ. ಅದಕ್ಕೂ ಸಡ್ಲ.
ನಕ್ಕೋತ ಮರಳಿ ಕೊಟ್ಟ.
ಅಣ್ಣಿಗೇರಿ ಬಂತು, ನಾ ಇಳದೆ.