ಮೂರನೇ ನಂಬರಿನ ಯಂತ್ರ

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ?
ನಮ್ಮಲ್ಲಿ ನೀರು ನೆಲಮಾಳಿಗೆಯಲ್ಲಿದೆ:
ಬಟ್ಟೆ ಒಗೆಯುವ ನಾಲ್ಕು ಯಂತ್ರ, ಒಂದು ಕೆಟ್ಟದ್ದು,
ಒಂದು ಬೆಂಚು, ಒಂಟಿ ಕಾಲುಚೀಲಗಳ ಬುಟ್ಟಿ.
ತಾರ್ತುವಿನ ಈ ಹಾಸ್ಟೆಲಿನಲ್ಲಿ ಹತ್ತೊಂಬತ್ತು ವರ್ಷದಿಂದ
ಬೀಗದ ಕೈ ಕೊಡುವವಳು ನಾನು, ವಿರ್ವೆ.
ಫೆಬ್ರವರಿಯಲ್ಲಿ ಕೊಟ್ಟು ಜೂನಿನಲ್ಲಿ ಇಸಿದುಕೊಳ್ಳುತ್ತೇನೆ.
ನಡುವೆ ಏನಾಯಿತೆಂದು ಬರೆಯಲು
ರಿಜಿಸ್ಟರಿನಲ್ಲಿ ಕಾಲಂ ಇಲ್ಲ.

ಅವಳು ಬಂದ ರಾತ್ರಿ ಹೊಳೆ ಹೆಪ್ಪುಗಟ್ಟಿತ್ತು.
ದೈಮಾಲು ಹಜೊವಾರಿ, ಕೊಕ್ರಝಾರ್, ಅಸ್ಸಾಮ್,
ರಸಾಯನಶಾಸ್ತ್ರ, ಒಂದೇ ಸೆಮಿಸ್ಟರ್.
'ಇಂಡಿಯಾನಾ? ಹಿಂದಿಯಲ್ಲಿ ಥ್ಯಾಂಕ್ಸ್ ಹೇಗೆ ಹೇಳುವುದು?'
ಎಲ್ಲರಿಗೂ ಕೇಳುವುದನ್ನೇ ಕೇಳಿದೆ.
ಹೇಳಿದಳು. ಹೇಳಿ, ಕೈಗವಸು ಕಳಚುತ್ತ,
'ಆದರೆ ಅದು ನನ್ನ ಭಾಷೆಯಲ್ಲ' ಅಂದಳು.

ಮೊದಲ ವಾರವೇ ಮೂರನೇ ಮಹಡಿಯಿಂದ ದೂರು:
ಅಡುಗೆಮನೆಯಲ್ಲಿ ಏನೋ ಸತ್ತಿದೆ!
ಹತ್ತಿ ಹೋದೆ. ಸಣ್ಣ ಡಬ್ಬಿ, ಅರೆದಿಟ್ಟ ಒಣಮೀನು,
ಡಬ್ಬಿಯ ಹಿಂದೆ ಅಳುವುದೋ ಬೇಡವೋ ಎಂಬ ಮುಖ.
ದ್ವೀಪದಲ್ಲಿ ಹುಟ್ಟಿದವಳು ನಾನು.
ಚಮಚ ಕೊಡು ಅಂದೆ.

ಅವಳ ಭಾಷೆ ಬೋಡೊ. ಎಷ್ಟು ಜನ ಆಡುತ್ತೀರಿ?
'ಹದಿನಾಲ್ಕು ಲಕ್ಷ, ಅಷ್ಟೇ,' ಅಂದಳು
ಬಡ ನೆಂಟರ ಮನೆ ತೋರಿಸುವವಳಂತೆ.
ನಾವು ಹನ್ನೊಂದು.
'ಅಯ್ಯೋ ಮಗಳೇ, ನೀವೇ ಜಾಸ್ತಿ!'
ಯಂತ್ರ ಗಡಗಡ ನಡುಗಿ ನಿಂತಿತು.
ಅವಳು ಬಟ್ಟೆ ತೆಗೆಯಲಿಲ್ಲ.

ಮರುದಿನ ಹೊತ್ತು ತಂದಳು
ನಮ್ಮ ಶಾಲೆಯ ಮಕ್ಕಳ ರಸಾಯನದ ಪುಸ್ತಕ.
ಓದಲು ಬಾರದು, ಬೆರಳಿಟ್ಟು ಕೇಳಿದಳು.
ಇದು? ವೆಸಿನಿಕ್. ವೆಸಿ ಅಂದರೆ ನೀರು.
ಇದು? ಹಪ್ನಿಕ್. ಹಪು ಅಂದರೆ ಹುಳಿ.
ಇದು? ಲ್ಯಾಮ್ಮಸ್ತಿಕ್. ಉಸಿರು ಕಟ್ಟಿಸುವಂಥದ್ದು.
ಕತ್ತು ಹಿಡಿದುಕೊಂಡು ತೋರಿಸಿದೆ. ಪೋಲೆಂಡಿನ ಹುಡುಗ
ಗಾಬರಿಯಾಗಿ ಓಡಿ ಬಂದ.
'ಈ ಮಾತುಗಳನ್ನೆಲ್ಲ ಯಾರು ಮಾಡಿದರು?'
ಯಾರೋ. ನನ್ನಜ್ಜಿಯ ಕಾಲದವರು. ಕೂತು ಮಾಡಿದರು.
'ಕೂತು?'
ಮತ್ತೇನು, ಓಡುತ್ತ ಮಾಡುತ್ತಾರೆಯೇ?

ನಗಲಿಲ್ಲ ಅವಳು.
ತಮ್ಮಲ್ಲೂ ಪಟ್ಟಿಗಳಿವೆಯಂತೆ, ಸಮಿತಿಗಳಿವೆಯಂತೆ,
ಶಾಲೆಯ ತನಕ ಜೊತೆಗೇ ಬರುತ್ತದಂತೆ ಭಾಷೆ.
'ಲ್ಯಾಬಿನ ಬಾಗಿಲಲ್ಲಿ ಚಪ್ಪಲಿಯೊಂದಿಗೆ ಬಿಡುತ್ತೇವೆ.
ಹೊರಗೆ ಬರುವಾಗ ಕೆಲವರು
ಬೇರೆಯವರ ಚಪ್ಪಲಿ ಮೆಟ್ಟಿ ಹೋಗುತ್ತಾರೆ.'

ಆಮೇಲೆ ಮಂಗಳವಾರ, ಶುಕ್ರವಾರ, ಮೂರನೇ ನಂಬರಿನ ಯಂತ್ರದೆದುರು
ಉದ್ದ ಗೆರೆ ಎಳೆದ ಹಾಳೆ.
ದೇಶ ಸುತ್ತು, ಕೋಶ ಓದು ಎನ್ನುತ್ತಾರಲ್ಲ,
ಈ ಹುಡುಗಿ ದೇಶಕ್ಕೆ ಬಂದು ಕೋಶ ಬರೆಯತೊಡಗಿದ್ದಳು,
ಒಗೆಯಲು ಬಟ್ಟೆಯಿಲ್ಲದ ದಿನವೂ
ಒಂದು ಟವೆಲು ತಿರುಗಲು ಹಾಕಿ.
ಒಂದು ಸಾಲು ನಮ್ಮದು, ಒಂದು ಇಂಗ್ಲಿಷು, ಒಂದು ಅವಳದು.
ನೀರಿಗೆ ಅವರು ದೈ ಅನ್ನುತ್ತಾರೆ.
ನಾನು ನಲ್ಲಿ ತಿರುಗಿಸಿ ಅಂದು ನೋಡಿದೆ.
ಬಂತು.

ಜೂನಿನಲ್ಲಿ ಬೀಗದ ಕೈ ಬಂತು, ದಾರಕ್ಕೆ ಹಳದಿ ನೂಲು ಸುತ್ತಿ.
ಅವಳು ತಬ್ಬಿಕೊಂಡಳು, ನಮಗದು ಅಭ್ಯಾಸವಿಲ್ಲ;
ಕೈ ಎಲ್ಲಿಡುವುದೆಂದು ತಿಳಿಯದೆ ನಿಂತಿದ್ದೆ.

ಅಕ್ಟೋಬರಿನಲ್ಲಿ ಪತ್ರ. ಎರಡು ವಿಷಯಗಳ ಅಂಕ
ಅವಳ ವಿಶ್ವವಿದ್ಯಾಲಯ ಸೇರಿಸಿಕೊಳ್ಳಲಿಲ್ಲವಂತೆ,
ಹೆಸರು ತಾಳೆಯಾಗಲಿಲ್ಲವಂತೆ.
ಅಲ್ಲೂ ಯಾರೋ ಕೂತಿದ್ದಾರೆ. ಕೂತು ಇದನ್ನು ಮಾಡಿದ್ದಾರೆ.
ಐದು ತಿಂಗಳಿಗೆ ಏನು ದಕ್ಕಿತು ಎಂದು ಮಾವ ಕೇಳಿದನಂತೆ.
'ಶನಿವಾರ ಸಂಜೆ ಐದು ಜನ ಸೇರುತ್ತೇವೆ' ಎಂದು ಕೊನೆಯ ಸಾಲು,
'ಕೂರುತ್ತೇವೆ.'

ಬಿಟ್ಟುಹೋದ ಹಾಳೆಯೊಂದು ಯಂತ್ರದ ಹಿಂದೆ ಸಿಕ್ಕಿತು,
ತೇವಕ್ಕೆ ಉಬ್ಬಿ. ಉಸಿರು ಕಟ್ಟಿಸುವುದರ ಎದುರು
ಅವಳ ಸಾಲು ಇನ್ನೂ ಖಾಲಿ.
ಇಸ್ತ್ರಿ ಮಾಡಿ, ಯಂತ್ರದ ಮೇಲೆ ಅಂಟಿಸಿದೆ.

ಮೊನ್ನೆ ಬಂದ ಹೊಸ ಹುಡುಗ, ಜಾರ್ಜಿಯಾದವನು,
ಮೂರೂ ಸಾಲು ಗಮನವಿಟ್ಟು ನೋಡಿದ.
'ಇದನ್ನು ಬಳಸುವ ಕ್ರಮವೇ?'
ಹೌದು ಅಂದೆ.