ನೂಲಳತೆ

ಭೂಪಟ ನೆಲಕ್ಕೆ ಹಾಸಿ
ಒಂದು ಮೂಲೆಗೆ ಅಳತೆಯ ಸೇರು, ಒಂದಕ್ಕೆ ನನ್ನ ಗಾಡಿಯ ಕೀಲಿ ಇಟ್ಟು
ಮುಬೀನಾ ಅಂದಳು: ಮಾಮು, ಇಲ್ಲಿ ಬೆರಳಿಡು.

ಬಳ್ಳಾರಿ ಕಡೆಯ ವಿದ್ಯಾನಗರದ ಮೇಲೆ ನನ್ನ ಬೆರಳು,
ಶಿವಮೊಗ್ಗದ ಸೋಗಾನೆಯ ಮೇಲೆ ಅವಳದು.
ನಡುವೆ ನಮ್ಮಕ್ಕ ಕಾಜಾ ಹೊಲಿಯುವ ಕಪ್ಪು ನೂಲು,
ಬಿಗಿಯಾಗಿ.

ಒಂಬತ್ತನೇ ಕ್ಲಾಸಿನ ಹೋಂವರ್ಕು:
ಎರಡು ವಿಮಾನ ನಿಲ್ದಾಣಗಳ ನಡುವಿನ ದೂರವೆಷ್ಟು,
ಹಾರಲು ಹಿಡಿಯುವ ಹೊತ್ತೆಷ್ಟು?
ಈ ದಾರಿಗೆ ವಿಮಾನವೇ ಇಲ್ಲವಲ್ಲೇ, ಅಂದೆ.
ಲೆಕ್ಕಕ್ಕೆ ವಿಮಾನ ಯಾಕೆ, ಅಂದಳು.

ಸುಮಾರು ನೂರ ಎಂಬತ್ತಮೂರು ಕಿಲೋಮೀಟರು.
ಗಂಟೆಗೆ ಐನೂರರಂತೆ
ಇಪ್ಪತ್ತೆರಡು ನಿಮಿಷ.

ನನಗೆ ನಗು ಬಂತು.
ಹದಿನಾರು ವರ್ಷದಿಂದ ಅದೇ ದಾರಿಯನ್ನು
ತುಂಡು ತುಂಡಾಗಿ ಓಡಿಸುತ್ತಿದ್ದೇನೆ.
ಸಂಡೂರಿನಲ್ಲಿ ಅದಿರು ಲಾರಿಯ ಹಿಂದೆ ಸಿಕ್ಕಿಬಿದ್ದರೆ
ಹಲ್ಲೂ ಕೆಂಪು.
ಕೂಡ್ಲಿಗಿಯಲ್ಲಿ ಚಾ. ಜಗಳೂರಿನ ಈಚೆ
ಅರ್ಧ ರಸ್ತೆಗೆ ಮೆಕ್ಕೆಜೋಳ ಒಣಹಾಕಿ
ಕೋಲು ಹಿಡಿದು ಕೂತ ಮುದುಕಿ, ನನ್ನನ್ನು ಪಕ್ಕಕ್ಕೆ ಕಳಿಸುತ್ತಾಳೆ.
ಹೊನ್ನಾಳಿಯ ಸೇತುವೆ ಮೇಲೆ
ಗೇರು ಬದಲಿಸುವಾಗ ಪ್ರತಿ ಸಲ ಅದೇ ಕೆಮ್ಮು,
ಗಾಡಿಯದೋ ನನ್ನದೋ.

ಮೇಲೆ ಮಂಡಕ್ಕಿ ಚೀಲ, ಎರಡಾಳೆತ್ತರ.
ಕಣ್ಣಿಗೆ ಗುಡ್ಡ. ತಕ್ಕಡಿಗೆ ಹಾಕಿದರೆ
ಮುಕ್ಕಾಲು ಪಾಲು ಗಾಳಿ.
ಅಡ್ಡಗಾಳಿ ಬೀಸಿದಾಗ ಹಿಂದಿನ ಚಕ್ರ
ಅರೆಗಳಿಗೆ ನೆಲ ಮರೆಯುತ್ತದೆ,
ಸ್ಟೇರಿಂಗು ಕೈಗೆ ಏನೂ ಹೇಳುವುದಿಲ್ಲ.
ಹಾರಾಟದ ಹೊತ್ತಿಗೆ ಅದನ್ನೂ ಕೂಡಿಸಬೇಕಲ್ಲವಾ?
ಕೇಳಲಿಲ್ಲ. ಅವಳು ಪೆನ್ಸಿಲು ಚೂಪು ಮಾಡುತ್ತಿದ್ದಳು.

ಮಾಮು, ನೋಡು, ನಮ್ಮೂರು!
ನೂಲು ದಾವಣಗೆರೆಯ ಚುಕ್ಕಿಗೆ
ಕೂದಲೆಳೆಯಷ್ಟು ಪಕ್ಕದಲ್ಲಿತ್ತು.
ಉಗುರಿನಿಂದ ತುಸುವೇ ಒತ್ತಿ
ಅದನ್ನು ಊರ ಮೇಲೆ ತಂದಳು.
ಪೈಲಟ್ಟು ಇಷ್ಟು ಬಾಗಿದರೆ ಏನೂ ಆಗಲ್ಲ.

ಆಮೇಲೆ ಯಾರೂ ಕೇಳದ ಲೆಕ್ಕ.
ನಲ್ಲಿಯಿಂದ ಭಟ್ಟಿಯ ಗೋಡೆತನಕ ನಮ್ಮ ಗಲ್ಲಿ
ನೂರ ನಲವತ್ತು ಮೀಟರು.
ಗುಣಿಸಿ, ಭಾಗಿಸಿ, ಒರೆಸಿ, ಮತ್ತೆ ಭಾಗಿಸಿ
ಮುಬೀನಾ ತಲೆಯೆತ್ತಿದಳು:
ನಮ್ಮ ಮೇಲೆ ಇರೋದು ಒಂದೇ ಸೆಕೆಂಡು.

ಗೋಡೆಯಾಚೆ ಭಾವ ಬುಡೇನ್
ಕಾದ ಮರಳಿಗೆ ಅಕ್ಕಿ ಎರಚುತ್ತಿದ್ದ.
ಒಂದು ಸೆಕೆಂಡು ಎಂದರೇನೆಂದು ಅವನನ್ನು ಕೇಳಬೇಕು.
ಮೊದಲೇ ಎತ್ತಿದರೆ ಅಕ್ಕಿ ಅಕ್ಕಿಯೇ,
ತಡವಾದರೆ ಸೀದ ನಾತ, ದಿನದ ಕೂಲಿ ಖೋತಾ.
ಗಡಿಯಾರ ನೋಡುವವನಲ್ಲ,
ಮರಳಿನ ಸದ್ದು ಬದಲಾದಾಗ
ಜರಡಿ ತಾನೇ ಮೇಲೇಳುತ್ತದೆ.
ಅಷ್ಟರಲ್ಲಿ ಬಾಣಲೆಯ ತುಂಬ ಬಿಳುಪು.

ಮೇಲಿನಿಂದ ನಾವು ಕಾಣ್ತೀವಾ?
ಹೊಗೆ ಕಾಣುತ್ತೆ, ಅಂದೆ.
ಕಿಟಕಿ ಪಕ್ಕದವರು ಮೋಡ ಅಂದ್ಕೋತಾರೆ.
ಅವಳಿಗೆ ಅದು ಹಿಡಿಸಲಿಲ್ಲ.

ಉತ್ತರ ಬರೆದಳು: ಇಪ್ಪತ್ತೆರಡು ನಿಮಿಷ.
ಕೆಳಗೆ ಸಣ್ಣ ಅಕ್ಷರದಲ್ಲಿ
ಭಟ್ಟಿ ಗಲ್ಲಿ, ಒಂದು ಸೆಕೆಂಡು, ಅಬ್ಬಾ ಕೆಲಸದಲ್ಲಿದ್ದಾರೆ.
ಮಿಸ್ಸು ಅದಕ್ಕೆ ಸುತ್ತು ಹಾಕುತ್ತಾರೆ, ಗೊತ್ತು.

ಬೆಳಗಿನ ಜಾವ ಹೊನ್ನಾಳಿ ಕಡೆ ಲೋಡು.
ಕೀಲಿಗೆ ಯಾರೋ ಸುತ್ತಿಟ್ಟ ನೂಲು,
ಬಿಡಿಸಲು ಹೋಗಲಿಲ್ಲ.
ಮಲೇಬೆನ್ನೂರು ದಾಟಿದ್ದೇ ಗದ್ದೆಬಯಲಿನ ಗಾಳಿ
ಬಗಲಿನಿಂದ ಬಂದು ಗಾಡಿಯನ್ನು ಎತ್ತಿತು.
ಒಂದು
ಅನ್ನುವಷ್ಟರಲ್ಲಿ
ಚಕ್ರ ಮತ್ತೆ ರಸ್ತೆಗೆ ತಾಕಿತು.